ಮಾದರಿ ರೈಲಿಗೆ ಲೋಹದ ಗಾಲಿ: ಯಾವುದು ಕೊಳ್ಳಬೇಕು, ಯಾವ ಬೋಗಿಗೆ ಹಾಕಬೇಕು

ಮಾದರಿ ರೈಲಿನ ಪ್ಲಾಸ್ಟಿಕ್ ಗಾಲಿ ತೆಗೆದು ಲೋಹದ್ದು ಹಾಕೋಣ ಅಂತ ಹೊರಟವರು ಮೊದಲು ಕೇಳುವುದೇ ‘ಯಾವ ಕಂಪನಿಯದು ಒಳ್ಳೆಯದು?’ ಅಂತ. ಕೇಳಲಿ, ತಪ್ಪೇನಿಲ್ಲ. ಆದರೆ ಅದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದ್ದು ನಿಮ್ಮ ಬೋಗಿಯ ಟ್ರಕ್ಕಿಗೆ ಎಷ್ಟು ಉದ್ದದ ಆಕ್ಸಲ್ (ಎರಡು ಗಾಲಿಗಳನ್ನು ಸೇರಿಸುವ ಸರಳು) ಸರಿಯಾಗಿ ಕೂರುತ್ತದೆ ಅನ್ನುವುದು. ಅದು ಗೊತ್ತಿಲ್ಲದೆ ಎಷ್ಟು ದುಬಾರಿ ಗಾಲಿ ತಂದು ಹಾಕಿದರೂ ಬೋಗಿ ಮೊದಲಿಗಿಂತ ಕಷ್ಟಪಟ್ಟು ಉರುಳಬಹುದು. ಟ್ರಕ್ ಅಂದರೆ ಬೋಗಿಯ ಎರಡೂ ತುದಿಯ ಅಡಿಯಲ್ಲಿ ಎರಡೆರಡು ಆಕ್ಸಲ್ ಹಿಡಿದುಕೊಂಡು, ತಿರುವು ಬಂದಾಗ ತಾನೂ ತಿರುಗುವ ಚೌಕಟ್ಟು.

ಇಲ್ಲಿ ಹೆಚ್ಚಿಗೆ ಹೇಳುತ್ತಿರುವುದು ಎಚ್‌ಒ ಸ್ಕೇಲಿನ ಅಮೆರಿಕನ್ ಬೋಗಿಗಳ ಬಗ್ಗೆ. ಅಂದರೆ 1:87 ಅಳತೆ, 16.5 ಮಿಮೀ ಅಗಲದ ಹಳಿ. ಗಾಲಿ ಬದಲಾಯಿಸುವವರಿಗೆ ಆಯ್ಕೆ ಜಾಸ್ತಿ ಇರುವುದೂ ಅಲ್ಲೇ, ಗೊಂದಲ ಜಾಸ್ತಿ ಇರುವುದೂ ಅಲ್ಲೇ. ಓಓ, ಎನ್, ಮಾರ್ಕ್ಲಿನ್ ಅನ್ನುವ ಬೇರೆ ಬಗೆಯ ಸೆಟ್ಟು ಇಟ್ಟುಕೊಂಡವರಿಗೂ ಕೊನೆಯ ಕಡೆ ನಾಲ್ಕು ಮಾತಿದೆ.

ಬದಲಾಯಿಸಲೇಬೇಕಾ?

ಎಲ್ಲ ಬೋಗಿಗೂ ಬೇಕಿಲ್ಲ. ಗಾಜಿನ ಕಪಾಟಿನಲ್ಲಿ ನೋಡೋದಕ್ಕೆ ಇಟ್ಟ ಬೋಗಿಗೆ ಸುಮ್ನೆ ದುಡ್ಡು ಹಾಕಬೇಡಿ. ಈಗ ಬರುವ ಒಳ್ಳೆಯ ಬೋಗಿಗಳಲ್ಲಿ ಕಾರ್ಖಾನೆಯಿಂದಲೇ ಲೋಹದ ಗಾಲಿ ಇರುತ್ತದೆ, ಅವನ್ನು ಮುಟ್ಟುವ ಅಗತ್ಯವೂ ಇಲ್ಲ. ಪ್ರಶ್ನೆ ಬರುವುದು ಹಳೆಯ ಕಿಟ್‌ಗಳು, ಸ್ಟಾರ್ಟರ್ ಸೆಟ್ಟಿನಲ್ಲಿ ಬಂದ ಬೋಗಿಗಳು, ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ರಾಶಿ ಹಾಕಿ ಮಾರುವ ಬೋಗಿಗಳ ವಿಷಯದಲ್ಲಿ.

ಲೋಹದ ಗಾಲಿಯಿಂದ ಏನು ಸಿಗುತ್ತದೆ ನೋಡೋಣ. ಮೊದಲನೆಯದು, ದುಂಡಗಿನ ಗಾಲಿ. ಅಗ್ಗದ ಪ್ಲಾಸ್ಟಿಕ್ ಗಾಲಿಯಲ್ಲಿ ಅಚ್ಚಿನಿಂದ ಬಂದ ಗೆರೆಯೋ ಉಬ್ಬೋ ಇರುತ್ತದೆ, ಕೆಲವು ಸಲ ಆಕ್ಸಲ್ ನಡುಮಧ್ಯದಲ್ಲಿ ಕೂತಿರುವುದಿಲ್ಲ. ಬೋಗಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನಿಧಾನವಾಗಿ ಓಡಿಸಿ ನೋಡಿ, ಛಾವಣಿ ಅತ್ತಿತ್ತ ಓಲಾಡುವುದು ಕಾಣುತ್ತದೆ. ಲೇತ್‌ನಲ್ಲಿ ಕಡೆದ ಲೋಹದ ಗಾಲಿ ಹಾಕಿದರೆ ಆ ಓಲಾಟ ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ಎರಡನೆಯದು, ತೂಕ ಕೆಳಗೆ ಸೇರುತ್ತದೆ. ಕೆಲವೇ ಗ್ರಾಂ ಇರಬಹುದು, ಆದರೆ ಅದು ಹಳಿಗೆ ಅಂಟಿಕೊಂಡೇ ಇರುವ ತೂಕ. ಬೋಗಿ ಮೇಲ್ಭಾರವಾಗುವುದಿಲ್ಲ. ಮೂರನೆಯದು, ಶಬ್ದ. ಹಳಿಯ ಜೋಡಣೆ ದಾಟುವಾಗ ಬರುವ ಆ ಟಕ ಟಕ ಪ್ಲಾಸ್ಟಿಕ್ ಗಾಲಿಯಲ್ಲಿ ಬರುವುದೇ ಇಲ್ಲ. ಒಂದು ಉದ್ದದ ಗೂಡ್ಸ್ ರೈಲು ಪೂರ್ತಿ ಲೋಹದ ಗಾಲಿಯ ಮೇಲೆ ಹಾದು ಹೋಗುವುದನ್ನು ಒಮ್ಮೆ ಕೇಳಿದರೆ ಸಾಕು, ಮಿಕ್ಕ ಕಾರಣಗಳೆಲ್ಲ ಆಮೇಲೆ.

ಇನ್ನು ಕೊಳೆಯ ವಿಷಯ. ಪ್ಲಾಸ್ಟಿಕ್ ಗಾಲಿ ಹಳಿಯನ್ನು ಕೊಳೆ ಮಾಡುತ್ತದೆ, ಲೋಹದ್ದು ಮಾಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ಅಷ್ಟು ಸರಳವಾಗಿ ನಂಬಬೇಡಿ. ಹಳಿಯ ಮೇಲೆ ಕಾಣುವ ಕಪ್ಪು ಮಸಿ ಅಂದರೆ ಧೂಳು, ಎಂಜಿನ್‌ನಿಂದ ಸೋರುವ ಎಣ್ಣೆ, ಎಂಜಿನ್ ಗಾಲಿ ಹಳಿಯಿಂದ ಕರೆಂಟ್ ತೆಗೆದುಕೊಳ್ಳುವಾಗ ಹಾರುವ ಸಣ್ಣ ಕಿಡಿಗಳಿಂದ ಆಗುವ ಲೋಹದ ಆಕ್ಸೈಡ್, ಇವುಗಳ ಮಿಶ್ರಣ. ಲೋಹದ ಗಾಲಿಯ ಮೇಲೂ ಅದು ಕೂರುತ್ತದೆ. ವ್ಯತ್ಯಾಸ ಏನೆಂದರೆ ಪ್ಲಾಸ್ಟಿಕ್ ಮೇಲೆ ಅದು ಗಟ್ಟಿಯಾಗಿ, ದಪ್ಪಗೆ ಕಟ್ಟಿಕೊಳ್ಳುತ್ತದೆ, ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ಲೋಹದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಟಿಶ್ಯೂ ಪೇಪರನ್ನು ಹಳಿಯ ಮೇಲೆ ಹಾಸಿ ಅದರ ಮೇಲೆ ಬೋಗಿಯನ್ನು ಹಿಂದೆ ಮುಂದೆ ಉರುಳಿಸಿದರೆ ಹೆಚ್ಚು ಕಡಿಮೆ ಬಂದುಬಿಡುತ್ತದೆ. ಕೊಳೆ ಪೂರ್ತಿ ನಿಲ್ಲುತ್ತದೆ ಅನ್ನುವ ಆಸೆಯಿಂದ ಮಾತ್ರ ಗಾಲಿ ಬದಲಾಯಿಸಬೇಡಿ, ತೊಳೆಯುವ ಕೆಲಸ ಹಗುರವಾಗುತ್ತದೆ ಅಂತ ಬದಲಾಯಿಸಿ.

ಎಂಜಿನ್ ಏನು ಹೇಳುತ್ತದೆ

ಬೋಗಿ ಸಲೀಸಾಗಿ ಉರುಳಿದರೆ ಎಂಜಿನ್ನಿಗೆ ಏನು ಲಾಭ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಏರು ಇರುವ ಲೇಔಟ್ (ಮಾದರಿ ರೈಲಿಗೆ ಹಳಿ ಹಾಸಿದ ಹಲಗೆ) ಇಟ್ಟುಕೊಂಡವರಿಗೆ ನಿಜವಾದ ಲಾಭ ಇರುವುದು ಇಲ್ಲೇ. ಅಮೆರಿಕದ ಮಾದರಿ ರೈಲಿನವರ ಸಂಘ ಎನ್‌ಎಂಆರ್‌ಎ ಬೋಗಿಯ ತೂಕಕ್ಕೆ ಒಂದು ಶಿಫಾರಸು ಮಾಡಿದೆ: ಎಚ್‌ಒದಲ್ಲಿ ಒಂದು ಔನ್ಸ್ ಮೂಲ ತೂಕ, ಜೊತೆಗೆ ಬೋಗಿಯ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. 40 ಅಡಿಯ ಬಾಕ್ಸ್‌ಕಾರ್ (ಮುಚ್ಚಿದ ಗೂಡ್ಸ್ ಬೋಗಿ) ಎಚ್‌ಒದಲ್ಲಿ ಐದೂವರೆ ಇಂಚು ಆಗುತ್ತದೆ, ಅದರ ತೂಕ 3.75 ಔನ್ಸ್, ಅಂದರೆ ಹತ್ತಿರ ಹತ್ತಿರ 106 ಗ್ರಾಂ. ಅಂಥ 20 ಬೋಗಿ ಕಟ್ಟಿದರೆ ಎರಡು ಕಿಲೋ ದಾಟುತ್ತದೆ.

2 ಶೇಕಡಾ ಏರಿನಲ್ಲಿ, ಅಂದರೆ ಒಂದು ಮೀಟರಿಗೆ 2 ಸೆಂಮೀ ಏರುವ ಹಳಿಯಲ್ಲಿ, ಬರೀ ತೂಕವನ್ನು ಮೇಲೆತ್ತುವುದಕ್ಕೇ ಎಂಜಿನ್ ಸುಮಾರು 42 ಗ್ರಾಂ ಎಳೆತ ಹಾಕಬೇಕು. ಅದರಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ. ಮಿಕ್ಕಿದ್ದು ಗಾಲಿಯ ಉಜ್ಜಾಟ. ಬೋಗಿಗಳು ತಮ್ಮ ತೂಕದ 3 ಶೇಕಡಾ ಅಷ್ಟು ತಡೆ ಒಡ್ಡುತ್ತವೆ ಅಂದುಕೊಳ್ಳಿ, ಅದು ಇನ್ನೊಂದು 64 ಗ್ರಾಂ ಆಯಿತು. ಒಟ್ಟು 106. ಎಂಜಿನ್ ನೂರು ಗ್ರಾಂ ಮಾತ್ರ ಎಳೆಯುವಂಥದ್ದಾದರೆ ಏರಿನ ನಡುವೆ ಅದರ ಗಾಲಿ ನಿಂತಲ್ಲೇ ತಿರುಗುತ್ತದೆ, ರೈಲು ಅಲ್ಲೇ ನಿಲ್ಲುತ್ತದೆ. ಅದೇ ಉಜ್ಜಾಟವನ್ನು ಒಂದೂವರೆ ಶೇಕಡಾಕ್ಕೆ ಇಳಿಸಿ. 32 ಮತ್ತು 42, ಒಟ್ಟು 74. ಅದೇ ಎಂಜಿನ್, ಅದೇ ಏರು, ಆರಾಮಾಗಿ ಹತ್ತಿ ಹೋಗುತ್ತದೆ. ಎರಡನೇ ಎಂಜಿನ್ ಕೊಳ್ಳುವ ಮೊದಲು ಈ ಲೆಕ್ಕ ಹಾಕುವುದು ಒಳ್ಳೆಯದು ಅಲ್ವಾ?

ಆದರೆ ಒಂದು ಮಾತು. ಆ ಉಜ್ಜಾಟ ಇಳಿಯುವುದು ಗಾಲಿ ಲೋಹದ್ದು ಅನ್ನುವ ಕಾರಣಕ್ಕಲ್ಲ. ಆಕ್ಸಲಿನ ಎರಡು ಮೊನೆಗಳು ಟ್ರಕ್ಕಿನ ಒಳಗೆ ಹೇಗೆ ಕೂತಿವೆ ಅನ್ನುವುದರಿಂದ.

ಆಕ್ಸಲ್ ಉದ್ದ

ಆಕ್ಸಲಿನ ತುದಿಗಳು ಚೂಪಾಗಿ ಕೆತ್ತಿದ ಪೆನ್ಸಿಲ್ ಮೊನೆಯ ಹಾಗಿರುತ್ತವೆ. ಟ್ರಕ್ಕಿನ ಪಕ್ಕದ ಗೋಡೆಗಳ ಒಳಗಡೆ ಶಂಕುವಿನ ಆಕಾರದ ಗುಳಿ ಇರುತ್ತದೆ. ಮೊನೆ ಗುಳಿಯ ತಳವನ್ನು ಒಂದೇ ಒಂದು ಚುಕ್ಕೆಯಲ್ಲಿ ಮುಟ್ಟಿಕೊಂಡು ತಿರುಗಬೇಕು. ಹಾಗಾದರೆ ಉಜ್ಜಾಟ ತೀರಾ ಕಡಿಮೆ.

ಆಕ್ಸಲ್ ಉದ್ದವಾದರೆ ಮೊನೆಗಳು ಎರಡೂ ಗುಳಿಯನ್ನು ಹೊರಗೆ ಒತ್ತುತ್ತವೆ, ಟ್ರಕ್ಕಿನ ಪಕ್ಕಗಳು ಚೂರು ಅಗಲವಾಗುತ್ತವೆ, ಗಾಲಿ ಬಿಗಿಯಾಗುತ್ತದೆ. ಗಿಡ್ಡವಾದರೆ ಮೊನೆ ತಳ ಮುಟ್ಟದೆ ಶಂಕುವಿನ ಇಳಿಜಾರಿನ ಮೇಲೆ ಕೂತು ಉಜ್ಜುತ್ತದೆ, ಆಕ್ಸಲ್ ಪಕ್ಕಕ್ಕೆ ಜಾರಾಡುತ್ತದೆ, ಬೋಗಿಯೂ ಸ್ವಲ್ಪ ಕೆಳಗೆ ಇಳಿಯುತ್ತದೆ. ಇಳಿದರೆ ಬೋಗಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲರಿನ ಎತ್ತರ ತಪ್ಪಿತು. ಅಮೆರಿಕನ್ ಎಚ್‌ಒದಲ್ಲಿ ಆಕ್ಸಲ್ ಉದ್ದ ಸಾಮಾನ್ಯವಾಗಿ ಒಂದು ಇಂಚಿಗಿಂತ ಚೂರು ಹೆಚ್ಚು, 25.8 ಮಿಮೀ ಆಸುಪಾಸಿನಲ್ಲಿ ಇರುತ್ತದೆ. ಆದರೆ ಕಂಪನಿಯಿಂದ ಕಂಪನಿಗೆ, ಟ್ರಕ್ಕಿನಿಂದ ಟ್ರಕ್ಕಿಗೆ ಒಂದೆರಡು ದಶಾಂಶ ಮಿಮೀ ಆಚೀಚೆ ಆಗುತ್ತದೆ, ಅಷ್ಟೇ ಸಾಕು ಚೆನ್ನಾಗಿ ಓಡುವ ಬೋಗಿಯನ್ನು ಕೆಡಿಸುವುದಕ್ಕೆ. ಒಬ್ಬರು ‘ಈ ಗಾಲಿ ಅದ್ಭುತ’ ಅಂತಲೂ ಇನ್ನೊಬ್ಬರು ಅದೇ ಗಾಲಿಯನ್ನು ‘ದಂಡ’ ಅಂತಲೂ ಬರೆಯುವುದು ಬಹಳ ಸಲ ಇದೇ ಕಾರಣಕ್ಕೆ: ಇಬ್ಬರ ಟ್ರಕ್ ಬೇರೆ.

ಅಳೆಯುವುದು ಹೇಗೆ? ಟ್ರಕ್ಕಿನ ಪಕ್ಕವನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ಹಳೆಯ ಆಕ್ಸಲ್ ಕೈಗೆ ಬರುತ್ತದೆ. ಡಿಜಿಟಲ್ ಕ್ಯಾಲಿಪರ್‌ನಲ್ಲಿ ಮೊನೆಯಿಂದ ಮೊನೆಗೆ ಅಳೆಯಿರಿ. ಮೊನೆ ಜಾರುತ್ತದೆ, ಅದಕ್ಕೆ ಮೂರ್ನಾಲ್ಕು ಸಲ ಅಳೆದು ಹೆಚ್ಚಿಗೆ ಬಂದ ಅಂಕಿ ಹಿಡಿಯಿರಿ. ಹಳೆಯ ಆಕ್ಸಲ್ ಚೆನ್ನಾಗಿ ಕೂತಿದ್ದರೆ ಆ ಉದ್ದವೇ ನಿಮಗೆ ಬೇಕಾದ ಉದ್ದ. ಹೊಸದನ್ನು ಹಾಕಿದ ಮೇಲೆ ಟ್ರಕ್ಕನ್ನು ಕೈಯಲ್ಲಿ ಹಿಡಿದು ಗಾಲಿಗೆ ಬೆರಳಿನಿಂದ ಒಂದು ತಟ್ಟು ಕೊಡಿ. ಒಳ್ಳೆ ಜೋಡಿ ಆದರೆ ಕೆಲವು ಸೆಕೆಂಡ್ ತಿರುಗಿ, ಕೊನೆಗೆ ಚೂರು ಹಿಂದಕ್ಕೆ ತೂಗಿ ನಿಲ್ಲುತ್ತದೆ. ತಟ್ಟನೆ ನಿಂತರೆ ಬಿಗಿ ಅಂತ ಅರ್ಥ. ಪಕ್ಕಕ್ಕೆ ಅಲ್ಲಾಡಿಸಿದಾಗ ಕಂಡೂ ಕಾಣದಷ್ಟು ಸಡಿಲ ಇರಬೇಕು, ಹೆಚ್ಚಿಗೆ ಬೇಡ.

ಇನ್ನೂ ಸರಿಯಾದ ಪರೀಕ್ಷೆ ಇಳಿಜಾರಿನದ್ದು. ಒಂದು ಮೀಟರ್ ಉದ್ದದ ನೇರ ಹಳಿಯನ್ನು ಹಲಗೆಗೆ ಅಂಟಿಸಿ, ಒಂದು ತುದಿಗೆ ರಟ್ಟಿನ ತುಂಡುಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಬೋಗಿ ತಾನಾಗಿ ಹೊರಡುವ ಎತ್ತರ ಎಷ್ಟು ಸೆಂಟಿಮೀಟರೋ ಅಷ್ಟೇ ಶೇಕಡಾ. 2 ಸೆಂಮೀ ಒಳಗೆ ಹೊರಟರೆ ನನ್ನ ಲೆಕ್ಕದಲ್ಲಿ ಅದು ಪಾಸು. ಮೂರು ದಾಟಿದರೂ ಅಲ್ಲಾಡದ ಬೋಗಿ ಇದ್ದರೆ ಮೊದಲು ಅದನ್ನು ಹಿಡಿಯಿರಿ. ಬದಲಾಯಿಸುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ನೋಡಿ ಬೋಗಿಯ ತಳದಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಯಾವ ಗಾಲಿ ಯಾವ ಟ್ರಕ್ಕಿಗೆ ಹೊಂದುತ್ತದೆ ಅನ್ನುವ ಪಟ್ಟಿ ತಾನಾಗಿ ತಯಾರಾಗುತ್ತದೆ. ಬೇರೆ ಯಾರ ಪಟ್ಟಿಗಿಂತಲೂ ಅದು ನಿಮಗೆ ಉಪಯೋಗ.

ಉದ್ದ ಸರಿ ಇದ್ದೂ ಬಿಗಿ ಅನ್ನಿಸಿದರೆ ಗುಳಿಯ ಒಳಗೆ ಪ್ಲಾಸ್ಟಿಕ್ ಎಳೆ ಉಳಿದಿರಬಹುದು. ಅದಕ್ಕೆ ಟ್ರಕ್ ಟ್ಯೂನರ್ ಅಂತ ಒಂದು ಪುಟ್ಟ ಸಲಕರಣೆ ಸಿಗುತ್ತದೆ. ಆಕ್ಸಲ್ ಆಕಾರದ್ದೇ, ಎರಡೂ ಮೊನೆಯಲ್ಲಿ ಕತ್ತರಿಸುವ ಅಲಗು ಇರುತ್ತದೆ. ಟ್ರಕ್ಕಿನಲ್ಲಿ ಇಟ್ಟು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು. ಅತಿ ಮಾಡಿದರೆ ಗುಳಿ ಆಳವಾಗಿ ಆಕ್ಸಲ್ ಸಡಿಲವಾಗುತ್ತದೆ. ಎಣ್ಣೆ ಹಾಕಬೇಡಿ. ಟ್ರಕ್ಕುಗಳು ಬಹುಪಾಲು ಡೆಲ್ರಿನ್ ಥರದ ಜಾರು ಪ್ಲಾಸ್ಟಿಕ್‌ನಲ್ಲಿ ಆಗಿರುತ್ತವೆ, ಅವಕ್ಕೆ ಎಣ್ಣೆ ಬೇಕಿಲ್ಲ. ಎಣ್ಣೆ ಹಾಕಿದ ಕಡೆ ಧೂಳು ಬಂದು ಕೂರುವುದು ಖಂಡಿತ.

ಕೋಡ್ 110 ಅಥವಾ ಕೋಡ್ 88

ಈ ಅಂಕಿ ಗಾಲಿಯ ಅಗಲ. ಇಂಚಿನ ಸಾವಿರದ ಭಾಗದ ಲೆಕ್ಕ. 110 ಅಂದರೆ 2.79 ಮಿಮೀ, 88 ಅಂದರೆ 2.24 ಮಿಮೀ. ಹಳಿಗೂ ಕೋಡ್ 100, ಕೋಡ್ 83 ಅಂತ ಹೇಳುತ್ತಾರಲ್ಲ, ಅದು ಹಳಿಯ ಎತ್ತರ. ಎರಡಕ್ಕೂ ಸಂಬಂಧ ಇಲ್ಲ. ಕೋಡ್ 83 ಹಳಿ ಇದೆ ಅಂತ ಕೋಡ್ 88 ಗಾಲಿ ಹುಡುಕಬೇಕಿಲ್ಲ.

ನಿಜವಾದ ಅಮೆರಿಕನ್ ಗೂಡ್ಸ್ ಬೋಗಿಯ ಗಾಲಿ ಸುಮಾರು 145 ಮಿಮೀ ಅಗಲ. ಅದನ್ನು 87ರಿಂದ ಭಾಗಿಸಿದರೆ 1.67 ಮಿಮೀ ಬರುತ್ತದೆ. ಹಾಗಾಗಿ ಕೋಡ್ 110 ನಿಜಕ್ಕಿಂತ ಸಿಕ್ಕಾಪಟ್ಟೆ ಅಗಲ, ಕೋಡ್ 88 ಹತ್ತಿರಕ್ಕೆ ಬರುತ್ತದೆ ಅಷ್ಟೇ. ಟ್ಯಾಂಕ್ ಕಾರ್, ಹಾಪರ್ ಥರದ ಬೋಗಿಗಳಲ್ಲಿ ಹಿಂದಿನಿಂದ ನೋಡಿದರೆ ಗಾಲಿ ಪೂರ್ತಿ ಕಾಣುತ್ತದೆ, ಅಂಥ ಕಡೆ 88 ಹಾಕಿದರೆ ನೋಟವೇ ಬದಲಾಗುತ್ತದೆ. ಬಾಕ್ಸ್‌ಕಾರಿನ ಅಡಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ನೋಟಕ್ಕೆ ಬೆಲೆ ಕೊಡಬೇಕಾಗಿ ಬರುವುದು ಟರ್ನೌಟ್ ಮೇಲೆ, ಅಂದರೆ ಹಳಿ ಕವಲೊಡೆಯುವ ಕಡೆ. ಒಂದು ಹಳಿ ಇನ್ನೊಂದನ್ನು ದಾಟುವ ಫ್ರಾಗ್ ಅನ್ನುವ ಜಾಗದಲ್ಲಿ ಗಾಲಿಯ ಅಂಚು (ಹಳಿಯ ಒಳಪಕ್ಕಕ್ಕೆ ಕೆಳಗೆ ಚಾಚಿದ ಭಾಗ) ಹೋಗುವುದಕ್ಕೆ ಸಂದಿ ಬಿಟ್ಟಿರುತ್ತಾರೆ. ಅಗಲದ ಗಾಲಿ ಆ ಸಂದಿಯ ಮೇಲೆ ಸೇತುವೆ ದಾಟಿದ ಹಾಗೆ ದಾಟಿಬಿಡುತ್ತದೆ. ಅಗಲ ಕಡಿಮೆ ಇರುವ ಗಾಲಿ, ಸಂದಿ ದೊಡ್ಡದಾಗಿದ್ದರೆ, ಒಳಗೆ ಇಳಿದು ಟಕ್ ಅಂತ ಕುಕ್ಕುತ್ತದೆ, ನಿಧಾನ ಓಡುವಾಗ ಬೋಗಿ ತಲೆ ಬಾಗಿಸಿದ್ದು ಕಾಣುತ್ತದೆ. ಎನ್‌ಎಂಆರ್‌ಎ ಅಳತೆಗೆ ತಕ್ಕ ಹಾಗೆ ಮಾಡಿದ ಟರ್ನೌಟ್‌ಗಳಲ್ಲಿ 88 ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಳೆಯ, ಆಟಿಕೆ ಗಾಲಿಗೆ ಅಂತಲೇ ಅಗಲ ಸಂದಿ ಬಿಟ್ಟ ಟರ್ನೌಟ್ ಇದ್ದರೆ ಕಣ್ಣು ಮುಚ್ಚಿ 110 ತೆಗೆದುಕೊಳ್ಳಿ. ಯಾವುದೇ ಕೋಡ್ ಆಗಲಿ, ಅಂಚಿನ ಆಕಾರ ಆರ್‌ಪಿ-25 (ಎನ್‌ಎಂಆರ್‌ಎ ಶಿಫಾರಸು ಮಾಡಿದ ಆಕಾರ) ಅಂತ ಬರೆದಿದೆಯಾ ನೋಡಿ. ಮಗುವಿಗೆ ಆಟಕ್ಕೆ, ಮಿತ್ರರ ಲೇಔಟಿಗೆ, ಕ್ಲಬ್ಬಿನ ಮಾಡ್ಯೂಲಿಗೆ ಎಲ್ಲ ಕಡೆ ಓಡಾಡುವ ಬೋಗಿ ಆದರೆ ನನ್ನ ಆಯ್ಕೆ 110.

ಎಷ್ಟು ದೊಡ್ಡ ಗಾಲಿ?

ಅಮೆರಿಕನ್ ಬೋಗಿಗೆ 33 ಇಂಚು ಮತ್ತು 36 ಇಂಚು, ಈ ಎರಡು ಮುಖ್ಯ. ಹಳೆಯ ಕಾಲದ ಗೂಡ್ಸ್ ಬೋಗಿಗಳಿಂದ ಹಿಡಿದು 70 ಟನ್ ಬೋಗಿಗಳವರೆಗೆ 33, 100 ಟನ್ನಿನ ದೊಡ್ಡ ಹಾಪರ್, ಟ್ಯಾಂಕ್ ಕಾರ್ ಮತ್ತು ಪ್ಯಾಸೆಂಜರ್ ಬೋಗಿಗಳಿಗೆ 36. ಎಚ್‌ಒದಲ್ಲಿ ಇವು 9.6 ಮಿಮೀ ಮತ್ತು 10.5 ಮಿಮೀ. ಕಂಟೇನರ್, ಕಾರು ಸಾಗಿಸುವ ತಗ್ಗಾದ ಕೆಲವು ಇಂಟರ್‌ಮೋಡಲ್, ಆಟೋರ್‍ಯಾಕ್ ಬೋಗಿಗಳಿಗೆ 28 ಇಂಚಿನದೂ ಇದೆ. 33ರ ಜಾಗದಲ್ಲಿ 36 ಹಾಕಿದರೆ ಬೋಗಿ ಸುಮಾರು ಅರ್ಧ ಮಿಮೀ ಮೇಲೇರುತ್ತದೆ. ಕಪ್ಲರ್ ಎತ್ತರವನ್ನು ಗೇಜ್ ಇಟ್ಟು ನೋಡಿ. ತಿರುವಿನಲ್ಲಿ ಗಾಲಿ ತಳಕ್ಕೆ ಉಜ್ಜುತ್ತದೆಯಾ ಅಂತಲೂ ನೋಡಿ. ಉಜ್ಜಿದರೆ ತಳದಲ್ಲಿ ಹೊಳೆಯುವ ಗೆರೆ ಬಿದ್ದಿರುತ್ತದೆ.

ನಮ್ಮ ಭಾರತೀಯ ರೈಲ್ವೆಯ ಬೋಗಿಗಳನ್ನು ಎಚ್‌ಒದಲ್ಲಿ ಮಾಡುವವರಿಗೆ ಇಲ್ಲೊಂದು ಅನುಕೂಲ ಇದೆ. ಪ್ಯಾಸೆಂಜರ್ ಬೋಗಿಗಳ ಎರಡು ಬಗೆಯಾದ ಐಸಿಎಫ್ ಬೋಗಿಗೂ ಎಲ್‌ಎಚ್‌ಬಿ ಬೋಗಿಗೂ ಹೊಸ ಗಾಲಿಯ ವ್ಯಾಸ 915 ಮಿಮೀ. ಅದು ಲೆಕ್ಕಕ್ಕೆ 36 ಇಂಚೇ. ಅಮೆರಿಕನ್ 36 ಇಂಚಿನ ಗಾಲಿ ಅಳತೆಯಲ್ಲಿ ಸರಿಯಾಗಿ ಹೊಂದುತ್ತದೆ. ಬಾಕ್ಸ್‌ಎನ್ ಗೂಡ್ಸ್ ವ್ಯಾಗನ್ನಿಗೆ 1000 ಮಿಮೀ, ಎಚ್‌ಒದಲ್ಲಿ 11.5 ಮಿಮೀ ಆಗುತ್ತದೆ, ಅದಕ್ಕೆ ಯುರೋಪಿನವರು ಮಾರುವ 11 ಮಿಮೀ ಗಾಲಿ ಹತ್ತಿರದ್ದು, ಆದರೆ ಅವರ ಆಕ್ಸಲ್ ಉದ್ದ ಬೇರೆ, ಅಳೆಯದೆ ತರಿಸಬೇಡಿ. ನಿಜವಾದ ಗಾಲಿ ಹೇಗೆ ಕಾಣುತ್ತದೆ ಅಂತ ತಿಳಿಯಬೇಕಾದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಭಾರತೀಯ ರೈಲ್ವೆಗೆ ಉಕ್ಕಿನ ಗಾಲಿ ಎರಕ ಹೊಯ್ದು ಕೊಡುವ ರೈಲು ಗಾಲಿ ಕಾರ್ಖಾನೆ 1984ರಿಂದ ಯಲಹಂಕದಲ್ಲೇ ಇದೆ. ಗಮನಿಸಬೇಕಾದ್ದು ಬಣ್ಣ. ಹಳಿ ಮುಟ್ಟುವ ಭಾಗ ಮಾತ್ರ ಕನ್ನಡಿಯ ಹಾಗೆ ಫಳಫಳ, ಮುಖ ತುಕ್ಕಿನ ಕಂದು. ಮಾದರಿಯಲ್ಲಿ ಆ ಎರಡು ಬಣ್ಣ ಒಟ್ಟಿಗೆ ಬರಬೇಕಾದರೆ ಲೋಹದ ಗಾಲಿಯೇ ಬೇಕು. ಮುಖಕ್ಕೆ ಬ್ರಶ್ಶಿನಲ್ಲಿ ಕಂದು ಬಣ್ಣ ಬಳಿಯಿರಿ, ಉರುಳುವ ಭಾಗವನ್ನೂ ಆಕ್ಸಲ್ ಮೊನೆಯನ್ನೂ ಹಾಗೇ ಬಿಡಿ.

ಯಾರ ಗಾಲಿ, ಎಂಥ ಆಕ್ಸಲ್

ಈಗ ಕಂಪನಿಯ ಪ್ರಶ್ನೆಗೆ ಬರೋಣ. ಸುಲಭವಾಗಿ ಸಿಗುವವು ಕೇಡಿ, ಇಂಟರ್‌ಮೌಂಟೆನ್, ವಾಲ್ದರ್ಸ್ ಪ್ರೊಟೊ. ರೀಬಾಕ್ಸ್ ಅಂತ ಒಂದಿತ್ತು, ಒಂದೇ ಗಾಲಿಯನ್ನು ಬೇರೆ ಬೇರೆ ಉದ್ದದ ಆಕ್ಸಲ್‌ನಲ್ಲಿ ಮಾರುತ್ತಿದ್ದರು. ಹಳೆ ಸ್ಟಾಕ್ ಯಾರಾದರೂ ಮಾರಿದರೆ ಬಿಡಬೇಡಿ.

ಇವುಗಳಲ್ಲಿ ಆರಿಸುವಾಗ ಹೆಸರಿಗಿಂತ ಮುಖ್ಯವಾಗಿ ನೋಡಬೇಕಾದ್ದು ಆಕ್ಸಲ್ ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಅಂತ. ಕೇಡಿಯದು ಲೋಹದ ಗಾಲಿ, ಪ್ಲಾಸ್ಟಿಕ್ ಆಕ್ಸಲ್. ಇಂಟರ್‌ಮೌಂಟೆನ್‌ನದು ಆಕ್ಸಲ್ಲೂ ಲೋಹ, ಒಂದು ಕಡೆ ಗಾಲಿಯ ನಡುವೆ ಕರೆಂಟ್ ತಡೆಯುವ ಪ್ಲಾಸ್ಟಿಕ್ ಬುಶ್. ಎರಡೂ ಲೋಹವಾಗಿ, ನಡುವೆ ತಡೆ ಇಲ್ಲದೆ ಹೋದರೆ ಎರಡು ಹಳಿ ಸೇರಿ ಶಾರ್ಟ್ ಆಗಿಬಿಡುತ್ತದೆ, ಅದಕ್ಕೇ ಈ ಬುಶ್.

ಟ್ರಕ್ ಕೂಡ ಲೋಹದ್ದಾಗಿದ್ದರೆ ಹುಷಾರು. ಒಂದು ಟ್ರಕ್ಕಿನ ಎರಡೂ ಆಕ್ಸಲ್‌ನ ಬುಶ್ ಒಂದೇ ಪಕ್ಕಕ್ಕೆ ಬರಬೇಕು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹಾಕಿದರೆ ಕರೆಂಟ್ ಒಂದು ಗಾಲಿಯಿಂದ ಟ್ರಕ್ಕಿನ ಮೂಲಕ ಇನ್ನೊಂದು ಹಳಿಗೆ ಹೋಗುತ್ತದೆ. ಬೋಗಿ ಹಳಿಯ ಮೇಲೆ ಇಟ್ಟ ತಕ್ಷಣ ಕಂಟ್ರೋಲರ್ ಆಫ್. ಪ್ಲಾಸ್ಟಿಕ್ ಆಕ್ಸಲ್ ಆದರೆ ಈ ತಲೆನೋವೇ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ.

ಆದರೆ ಪ್ಯಾಸೆಂಜರ್ ಬೋಗಿಯ ಒಳಗೆ ದೀಪ ಬೇಕು, ಕಬೂಸ್‌ನ (ಗೂಡ್ಸ್ ರೈಲಿನ ಕೊನೆಯ ಗಾರ್ಡ್ ಬೋಗಿ) ಹಿಂದೆ ಕೆಂಪು ದೀಪ ಮಿನುಗಬೇಕು ಅಂದರೆ ಲೋಹದ ಆಕ್ಸಲ್ಲೇ ಬೇಕು. ಒಂದು ಟ್ರಕ್ ಎಡ ಹಳಿಯಿಂದ, ಇನ್ನೊಂದು ಬಲ ಹಳಿಯಿಂದ ಕರೆಂಟ್ ತರುವ ಹಾಗೆ ಬುಶ್‌ಗಳನ್ನು ತಿರುಗಿಸಿ ಹಾಕುತ್ತಾರೆ, ಆಕ್ಸಲ್‌ಗೆ ಸಣ್ಣ ತಾಮ್ರದ ಪಟ್ಟಿ ಒತ್ತಿಸಿ ತಂತಿ ಎಳೆಯುತ್ತಾರೆ. ಇಲ್ಲಿ ಇನ್ನೊಂದು: ಕೆಲವು ಗಾಲಿಗಳನ್ನು ರಾಸಾಯನಿಕದಲ್ಲಿ ಕಪ್ಪು ಮಾಡಿರುತ್ತಾರೆ. ನೋಡೋಕೆ ಚೆಂದ. ಆದರೆ ಉರುಳುವ ಭಾಗದ ಮೇಲೂ ಆ ಕಪ್ಪು ಇದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ದೀಪ ಮಿಣ ಮಿಣ ಅನ್ನುತ್ತದೆ. ಆ ಭಾಗವನ್ನು ಮಾತ್ರ ಉಜ್ಜಿ ಹೊಳಪು ಮಾಡಿ.

ಸಿಗ್ನಲ್ ಹಾಕುವವರಿಗೂ ಇದೇ ಮಾತು. ಯಾವ ಬ್ಲಾಕಿನಲ್ಲಿ (ಹಳಿಯ ಯಾವ ಭಾಗದಲ್ಲಿ) ರೈಲು ಇದೆ ಅಂತ ಕರೆಂಟ್ ನೋಡಿ ತಿಳಿಯುವ ಡಿಟೆಕ್ಟರ್‌ಗಳಿಗೆ ಸುಮ್ಮನೆ ನಿಂತ ಬೋಗಿ ಕಾಣುವುದಿಲ್ಲ. ಬುಶ್ ಇರುವ ಕಡೆ ಗಾಲಿಗೂ ಆಕ್ಸಲ್‌ಗೂ ನಡುವೆ 10 ಕಿಲೋ ಓಮ್‌ನ ಸಣ್ಣ ರೆಸಿಸ್ಟರ್ ಅಂಟಿಸಿ, ಎರಡು ಕಡೆಯೂ ಕರೆಂಟ್ ಹರಿಸುವ ಬಣ್ಣ ಹಚ್ಚಿದರೆ ಆ ಆಕ್ಸಲ್ ಮೂಲಕ ಚೂರು ಕರೆಂಟ್ ಹರಿಯುತ್ತದೆ. 14 ವೋಲ್ಟಿನ ಡಿಸಿಸಿಯಲ್ಲಿ (ರೈಲು ಓಡಿಸುವ ಡಿಜಿಟಲ್ ವ್ಯವಸ್ಥೆ) 1.4 ಮಿಲಿಆಂಪ್. ಬೋಗಿಗೆ ಇಂಥ ಒಂದು ಆಕ್ಸಲ್ ಸಾಕಾಗುವ ಡಿಟೆಕ್ಟರ್‌ಗಳಿವೆ. ಸಿದ್ಧವಾಗಿಯೂ ಸಿಗುತ್ತವೆ, ಬೆಲೆ ಜಾಸ್ತಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಅಯಸ್ಕಾಂತ. ಹಳಿಯ ಅಡಿಯಲ್ಲಿ ಅಯಸ್ಕಾಂತ ಇಟ್ಟು ಕಪ್ಲರ್ ಬಿಚ್ಚುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಉಕ್ಕಿನ ಆಕ್ಸಲ್ ತರಬೇಡಿ. ಬೋಗಿ ಅದರ ಮೇಲೆ ಬಂದಾಗ ಜಗ್ಗಿ ಮುಂದಕ್ಕೆ ಹಾರುತ್ತದೆ, ಕಪ್ಲರ್ ಬೇಡದ ಕಡೆ ಬಿಚ್ಚಿಕೊಳ್ಳುತ್ತದೆ. ಹಿತ್ತಾಳೆ ಆಕ್ಸಲ್ ಅಥವಾ ಪ್ಲಾಸ್ಟಿಕ್ ಆಕ್ಸಲ್ ಆದರೆ ಏನೂ ಆಗದು. ಕೊಳ್ಳುವ ಮೊದಲು ಫ್ರಿಜ್ ಬಾಗಿಲಿನ ಅಯಸ್ಕಾಂತ ಒಂದನ್ನು ಹತ್ತಿರ ಹಿಡಿದರೆ ತಿಳಿಯುತ್ತದೆ.

ಒಟ್ಟಿನಲ್ಲಿ ನನ್ನ ಆಯ್ಕೆ ಹೀಗೆ. ದೀಪ, ಸಿಗ್ನಲ್ ಇರುವವರು ಲೋಹದ ಆಕ್ಸಲ್‌ನ ಗಾಲಿ ಹಾಕಲಿ. ಲೋಹದ ಟ್ರಕ್ ಇರುವ ಹಳೆಯ ಬೋಗಿಗಳಿಗೆ, ಅಯಸ್ಕಾಂತದ ಲೇಔಟಿಗೆ ಪ್ಲಾಸ್ಟಿಕ್ ಆಕ್ಸಲ್ ನೆಮ್ಮದಿ. ಮಿಕ್ಕವರಿಗೆ ಟ್ರಕ್ಕಿಗೆ ಉದ್ದ ಹೊಂದುವುದು ಯಾವುದೋ ಅದೇ.

ಯಾವುದೇ ಹಾಕಿದರೂ ಎರಡು ಗಾಲಿಗಳ ಒಳಮೈ ನಡುವಿನ ಅಂತರ ನೋಡಿ. ಎಚ್‌ಒದಲ್ಲಿ ಅದು 14.4 ಮಿಮೀ ಆಸುಪಾಸು ಇರಬೇಕು. ಎನ್‌ಎಂಆರ್‌ಎ ಗೇಜ್ ಅನ್ನುವ ತಗಡಿನ ಪಟ್ಟಿ ಇದ್ದರೆ ಎರಡು ಸೆಕೆಂಡಿನ ಕೆಲಸ. ತಪ್ಪಿದ್ದರೆ ಎರಡು ಗಾಲಿಯನ್ನೂ ಬೆರಳಲ್ಲಿ ಹಿಡಿದು ಎದುರುಬದುರು ತಿರುಚುತ್ತಾ ಚೂರು ಎಳೆಯಿರಿ ಇಲ್ಲ ಒತ್ತಿ. ಟರ್ನೌಟ್ ಮೇಲೆ ಪದೇ ಪದೇ ಹಳಿ ತಪ್ಪುವ ಬೋಗಿಗಳಲ್ಲಿ ಸುಮಾರು ಪಾಲು ಇಷ್ಟಕ್ಕೇ ಸರಿಹೋಗುತ್ತವೆ, ಹೊಸ ಗಾಲಿಯೇ ಬೇಕಾಗುವುದಿಲ್ಲ.

ಇಡೀ ಟ್ರಕ್ ಬದಲಾಯಿಸುವುದು

ಟ್ರಕ್ಕೇ ಸೊಟ್ಟಗಾಗಿದ್ದರೆ, ಕಪ್ಲರ್ ಟ್ರಕ್ಕಿಗೇ ಅಂಟಿಕೊಂಡಿರುವ ಹಳೆಯ ಸೆಟ್ಟಿನ ಬೋಗಿಯಾದರೆ, ಇಡೀ ಟ್ರಕ್ ತೆಗೆದು ಲೋಹದ ಗಾಲಿ ಸಮೇತ ಬರುವ ಹೊಸದನ್ನು ಹಾಕುವುದು ಲೇಸು. ಖರ್ಚು ಜಾಸ್ತಿ ನಿಜ, ಆದರೆ ಆಕ್ಸಲ್ ಉದ್ದದ ಚಿಂತೆ ಇರುವುದಿಲ್ಲ. ಕಪ್ಲರನ್ನು ಬೋಗಿಯ ತಳಕ್ಕೆ ಸ್ಕ್ರೂ ಹಾಕಿ ಕೂರಿಸಬೇಕಾಗುತ್ತದೆ, ಅದರಿಂದ ಬೋಗಿಗಳನ್ನು ಹಿಂದಕ್ಕೆ ತಳ್ಳುವಾಗ ಹಳಿ ತಪ್ಪುವುದು ಬಹಳ ಕಡಿಮೆಯಾಗುತ್ತದೆ. ಮಿಕ್ಕ ಎಲ್ಲ ಕಡೆ ಗಾಲಿ ಮಾತ್ರ ಸಾಕು.

ಎಚ್‌ಒ ಅಲ್ಲದವರಿಗೆ

ಹಾರ್ನ್‌ಬಿ ಥರದ ಬ್ರಿಟಿಷ್ ಓಓ ಸೆಟ್ಟುಗಳ ಹಳಿ ಎಚ್‌ಒದ್ದೇ, 16.5 ಮಿಮೀ, ಆದರೆ ಬೋಗಿಯ ಅಳತೆ 1:76. ಹಾಗಾಗಿ ಗಾಲಿ ದೊಡ್ಡದು: ವ್ಯಾಗನ್ನಿಗೆ 12.6 ಮಿಮೀ, ಪ್ಯಾಸೆಂಜರ್ ಬೋಗಿಗೆ 14 ಮಿಮೀ. ಅಮೆರಿಕನ್ ಗಾಲಿ ತಂದು ಹಾಕಿದರೆ ಬೋಗಿ ಹಳಿಗೆ ಕವುಚಿಕೊಂಡ ಹಾಗೆ ಕಾಣುತ್ತದೆ. ಒಳಮೈ ಅಂತರ 14.5 ಮಿಮೀ ಇಟ್ಟುಕೊಳ್ಳಿ.

ಎನ್ ಸ್ಕೇಲಿನವರ ಹಳಿ 9 ಮಿಮೀ. ಅಲ್ಲಿ ಮುಖ್ಯ ವಿಷಯ ಅಂಚಿನ ಎತ್ತರ. ಹಳೆಯ ಎನ್ ಗಾಲಿಗಳ ಅಂಚು ಎಷ್ಟು ದೊಡ್ಡದು ಅಂದರೆ ಕೋಡ್ 55ರ ತಗ್ಗು ಹಳಿಯಲ್ಲಿ ಹಳಿ ಹಿಡಿದಿರುವ ಮೊಳೆಯ ಅಚ್ಚುಗಳಿಗೆ ಬಡಿದು ಗಡಗಡ ಅನ್ನುತ್ತದೆ. ತಗ್ಗು ಅಂಚಿನ ಲೋಹದ ಗಾಲಿ ಹಾಕಿದರೆ ಆ ಹಳಿಯಲ್ಲೂ ಓಡುತ್ತದೆ. ಆಕ್ಸಲ್ ಉದ್ದ ಇಲ್ಲಿಯೂ ಬೇರೆ ಬೇರೆ, ಪೊಟ್ಟಣದ ಮೇಲೆ ಯಾವ ಟ್ರಕ್ಕಿಗೆ ಅಂತ ಬರೆದಿರುವುದನ್ನು ಓದಿ ಕೊಳ್ಳಿ.

ಮಾರ್ಕ್ಲಿನ್‌ನ ಮೂರು ಹಳಿಯ ವ್ಯವಸ್ಥೆಯಲ್ಲಿ ಕರೆಂಟ್ ಹರಿಯುವ ಕ್ರಮವೇ ಬೇರೆ, ಎರಡು ಪಕ್ಕದ ಹಳಿಗಳೂ ಒಂದೇ ತಂತಿ ಇದ್ದ ಹಾಗೆ. ಅಲ್ಲಿನ ಬೋಗಿಯ ಗಾಲಿಗೆ ಬುಶ್ ಇರುವುದಿಲ್ಲ. ಅದನ್ನು ಹಾಗೇ ಎರಡು ಹಳಿಯ ಲೇಔಟಿಗೆ ತಂದು ಇಟ್ಟರೆ ಶಾರ್ಟ್. ಸೆಕೆಂಡ್ ಹ್ಯಾಂಡ್ ಯುರೋಪಿನ ಬೋಗಿ ಕೊಳ್ಳುವವರು ಮಲ್ಟಿಮೀಟರ್ ಇಟ್ಟು ಎರಡು ಗಾಲಿಯ ನಡುವೆ ಬೀಪ್ ಬರುತ್ತದೆಯಾ ಅಂತ ಮೊದಲು ನೋಡಲಿ.

ಎಷ್ಟು ಖರ್ಚು, ಯಾವುದು ಮೊದಲು

ಒಂದು ಆಕ್ಸಲ್‌ಗೆ ಅಂದಾಜು ಒಂದು ಡಾಲರ್ ಅಂತ ಇಟ್ಟುಕೊಳ್ಳಿ, ಬೋಗಿಗೆ ನಾಲ್ಕು. 50 ಬೋಗಿಗೆ 200 ಡಾಲರ್. ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕ ಬೇರೆ. 12ರ ಪೊಟ್ಟಣಕ್ಕಿಂತ 100ರ ಪೊಟ್ಟಣ ಅಗ್ಗ ಬೀಳುತ್ತದೆ, ಆದರೆ ಮೊದಲೇ 100 ತರಿಸಬೇಡಿ. ನಿಮ್ಮಲ್ಲಿರುವ ಎರಡು ಮೂರು ಬಗೆಯ ಟ್ರಕ್ಕಿಗೆ ಒಂದೊಂದು ಸಣ್ಣ ಪೊಟ್ಟಣ ತಂದು ಇಳಿಜಾರಿನ ಮೇಲೆ ನೋಡಿ, ಗೆದ್ದದ್ದನ್ನು ದೊಡ್ಡದಾಗಿ ತರಿಸಿ. ಅಮೆರಿಕದಿಂದ ಬರುವ ನೆಂಟರೋ ಸ್ನೇಹಿತರೋ ಇದ್ದರೆ ಗಾಲಿ ಪೊಟ್ಟಣ ಅವರ ಪೆಟ್ಟಿಗೆಯ ಮೂಲೆಯಲ್ಲಿ ಕೂರುವಷ್ಟು ಸಣ್ಣದು.

ಎಲ್ಲಕ್ಕೂ ಒಟ್ಟಿಗೆ ಮಾಡಲು ಆಗದಿದ್ದರೆ ಮೊದಲು ಹಳಿ ತಪ್ಪುವ ಬೋಗಿಗಳು, ಆಮೇಲೆ ತೂಕದವು ಮತ್ತು ಎಂಜಿನ್ನಿನ ಹಿಂದೆಯೇ ಕಟ್ಟುವವು. ದೊಡ್ಡ ರೈಲಿನಲ್ಲಿ ಮುಂದಿನ ಬೋಗಿಗಳ ಮೇಲೆಯೇ ಎಳೆತ ಹೆಚ್ಚು, ತಿರುವಿನಲ್ಲಿ ಒಳಕ್ಕೆ ಮಗುಚಿಕೊಳ್ಳುವುದೂ ಅವೇ. ಹಗುರದ, ಕೊನೆಯಲ್ಲಿ ಕಟ್ಟುವ ಬೋಗಿಗಳು ಕಾಯಬಹುದು.

ಎಲ್ಲ ಹಾಕಿದ ಮೇಲೆ ಒಂದು ಹೊಸ ತೊಂದರೆ ಎದುರಾಗುತ್ತದೆ. ಬೋಗಿ ಈಗ ಎಷ್ಟು ಸಲೀಸಾಗಿ ಉರುಳುತ್ತದೆ ಅಂದರೆ ಸೈಡಿಂಗಿನಲ್ಲಿ ಬಿಟ್ಟದ್ದು ತಾನಾಗಿ ಹೊರಟುಬಿಡುತ್ತದೆ. ಕಣ್ಣಿಗೆ ಮಟ್ಟವಾಗಿ ಕಂಡ ಹಲಗೆ ಮಟ್ಟವಾಗಿಲ್ಲ ಅಂತ ಆಗಲೇ ತಿಳಿಯುವುದು. ಅಂಥ ಕಡೆ ಎರಡು ಹಳಿಯ ನಡುವೆ, ಮರದ ಪಟ್ಟಿಗಳ ಸಂದಿಯಲ್ಲಿ ಸಣ್ಣ ರಂಧ್ರ ಕೊರೆದು ನೈಲಾನ್ ಬ್ರಶ್ಶಿನ ಒಂದೆರಡು ಎಳೆಗಳನ್ನು ನೆಟ್ಟಗೆ ಅಂಟಿಸಿ, ಆಕ್ಸಲ್‌ಗೆ ಮೆಲ್ಲಗೆ ತಗಲುವಷ್ಟು ಎತ್ತರಕ್ಕೆ ಕತ್ತರಿಸಿ. ಕಪ್ಲರಿಗೆ ಅಡ್ಡ ಬರಬಾರದು. ಬೋಗಿ ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಎಂಜಿನ್ ಎಳೆದಾಗ ಎಳೆ ಬಾಗಿ ದಾರಿ ಬಿಡುತ್ತದೆ.